ತಲೆಯಷ್ಟೇ ನೋಡಿದ್ದು

ಡಾಕ್ಟರ್ ಅಲ್ಮಾಸ ಗ್ಲೌಸು ಸುಲಿದು ಬಕೆಟ್ಟಿಗೆ ಎಸೆದಳು. ಈ ಸಲವೂ ಏನೂ ತಿಳಿಯಲಿಲ್ಲ. ಗರ್ಭದ ಬಾಯಿ ಪೂರ್ತಿ ತೆರೆದು ಬಹಳ ಹೊತ್ತಾಗಿತ್ತು, ನೋವು ಒಂದರ ಹಿಂದೊಂದು ಬರುತ್ತಿತ್ತು, ಆದರೆ ಮಗುವಿನ ತಲೆ ಮಾತ್ರ ಇದ್ದಲ್ಲೇ ಕುಳಿತಿತ್ತು. ಅದು ಮುಖ ಯಾವ ಕಡೆ ಮಾಡಿದೆ ಎಂಬುದನ್ನು ಬುರುಡೆಯ ಗೆರೆಗಳನ್ನು ಮುಟ್ಟಿ ತಿಳಿಯಬೇಕು. ನೆತ್ತಿಯ ಮೇಲೆ ಬಾವು ಬಂದು ಆ ಗೆರೆಗಳೆಲ್ಲ ಮುಚ್ಚಿಹೋಗಿದ್ದವು. ಇಷ್ಟು ವರ್ಷ ನಂಬಿಕೊಂಡು ಬಂದ ಬೆರಳುಗಳು ಇವತ್ತು ಕೆಲಸಕ್ಕೆ ಬರಲಿಲ್ಲ.

“ಬಾಯಾರ, ಇನ್ನ ನನ್ನ ಕೈಲೆ ಆಗೂದಿಲ್ರಿ,” ಎಂದಳು ಮೇಜಿನ ಮೇಲೆ ಮಲಗಿದ್ದ ಶ್ರುತಿ. ಚೊಚ್ಚಲ ಬಸುರಿ. ತುಟಿ ಒಣಗಿ ಬಿರಿದಿತ್ತು.

“ಆಗ್ತೈತಿ ತಂಗಿ. ಕೂಸಿನ ಎದಿ ಬಡಿತ ಛಲೋ ಐತಿ.”

“ನಿನ್ನೆನೂ ಹಿಂಗ ಅಂದ್ರಿ.”

ನಿನ್ನೆಯೂ ಹೀಗೆಯೇ ಅಂದಿದ್ದಳು, ಸುಳ್ಳಲ್ಲ. ಅಲ್ಮಾಸ ಗೋಡೆಗೆ ಒರಗಿ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಹಾಕಿದಳು. ಬೆಳಿಗ್ಗೆ ಹಾಕಿಸಿಟ್ಟ ಚಹಾ ಕಿಟಕಿಯ ಕಟ್ಟೆಯ ಮೇಲೆ ಕೆನೆಗಟ್ಟಿ ಕೂತಿತ್ತು. ಅಷ್ಟರಲ್ಲಿ ಮೊಬೈಲು ಬಡಿದುಕೊಂಡಿತು. ಆಪರೇಶನ್ನಿಗೆ ಮಂಪರು ಕೊಡುವ ಡಾಕ್ಟರು.

“ಹುನಗುಂದದಾಗ ನನ್ನ ಕೆಲಸ ಮುಗೀತ್ರಿ ಮೇಡಂ. ಇಲಕಲ್ಲಿಗೆ ಬರಲೋ, ಬಾಗಲಕೋಟಿಗೆ ಹೋಗಲೋ?”

ಬರ್ರಿ ಎಂದರೆ ಮುಗಿಯಿತು. ಹೊಟ್ಟೆ ಕೊಯ್ದು ಮಗು ತೆಗೆಯುವುದು ಒಂದು ತಾಸಿನೊಳಗಿನ ಕೆಲಸ. ಆಮೇಲೆ ಮನೆಗೆ ಹೋಗಿ ಉಂಡು ಕಾಲು ಚಾಚಿ ಮಲಗಬಹುದು. ಕಾಯುವುದಾದರೆ ಎಷ್ಟು ಹೊತ್ತೋ ಯಾರಿಗೂ ಗೊತ್ತಿಲ್ಲ, ಕಾದು ಕಾದು ಕೊನೆಗೆ ಕೊಯ್ಯುವುದೇ ಆದರೆ ಮೊದಲೇ ಯಾಕೆ ಕೊಯ್ಯಲಿಲ್ಲ ಎಂಬ ಬೈಗುಳ ಬೇರೆ. ಇವರು ಬಾಗಲಕೋಟೆಗೆ ಹೊರಟುಹೋದರೆ ಇವತ್ತು ತನ್ನ ದವಾಖಾನೆಯಲ್ಲಿ ಆಪರೇಶನ್ ಎಂಬುದೇ ಇಲ್ಲ. ಹೆಚ್ಚುಕಡಿಮೆಯಾದರೆ ಈ ಹುಡುಗಿಯನ್ನು ಜೀಪಿನಲ್ಲಿ ಹಾಕಿ ಬಾಗಲಕೋಟೆಯ ರಸ್ತೆಯ ಮೇಲೆ ಕಳಿಸಬೇಕು.

ಆದರೆ ಶ್ರುತಿ ಮಗ್ಗದ ಹುಡುಗಿ. ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಮುಂದಕ್ಕೆ ಬಾಗಿ ಸೀರೆ ನೇಯುವವಳು. ಹೊಲಿಗೆ ಹಾಕಿಸಿಕೊಂಡು ಹೋದ ಇಂಥ ಎಷ್ಟೋ ಹೆಂಗಸರು, ಬಗ್ಗಲಾರೆ, ಏಳಲಾರೆ ಎಂದು ವರ್ಷವಾದ ಮೇಲೂ ಸೊಂಟ ಹಿಡಿದುಕೊಂಡು ಅಲ್ಮಾಸಳ ಮುಂದೆ ಬಂದು ಕೂರುತ್ತಿದ್ದರು. ಮೊದಲನೆಯದಕ್ಕೆ ಕೊಯ್ದರೆ ಎರಡನೆಯದಕ್ಕೂ ಕೊಯ್ಯುತ್ತಾರೆ. ಕೊಯ್ಯಲೇಬೇಕಾದರೆ ಕೊಯ್ಯಲಿ, ಆದರೆ ನನ್ನ ಕಾಲು ನೋಯುತ್ತದೆಂದು ಇವಳ ಹೊಟ್ಟೆ ಕೊಯ್ಯುವುದು ಯಾವ ನ್ಯಾಯ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

“ಸ್ವಲ್ಪ ಅಲ್ಲೇ ಚಾ ಕುಡೀರಿ. ಸ್ಕ್ಯಾನ್ ಮಾಡಿ ನೋಡಿ ಹೇಳ್ತೇನಿ.”

“ಹೆರಿಗಿ ನೋವಿನ್ಯಾಗ ಸ್ಕ್ಯಾನೇನ್ರಿ?” ಅತ್ತ ಕಡೆಯವರು ನಕ್ಕರು.

ನಗುವುದು ಸಹಜವೇ. ಸ್ಕ್ಯಾನು ಬಸುರಿಯರಿಗೆ, ಹೆರುವವರಿಗಲ್ಲ ಎಂದೇ ಆಗ ಎಲ್ಲರ ತಿಳಿವಳಿಕೆ. ಹುಬ್ಬಳ್ಳಿಯ ಒಂದು ಸಭೆಯಲ್ಲಿ ಹಿರಿಯ ವೈದ್ಯರೊಬ್ಬರು, ಹೆರಿಗೆ ನಿಂತುಹೋದಾಗ ಕೈಗೆ ತಿಳಿಯದ್ದನ್ನು ಈ ಯಂತ್ರ ತಿಳಿಸುತ್ತದೆ, ಮಗುವಿನ ಕಣ್ಣು ಎಲ್ಲಿವೆ ಎಂದು ನೋಡಿ, ಎಷ್ಟೋ ಹೊಟ್ಟೆಗಳು ಉಳಿಯುತ್ತವೆ ಎಂದು ಚಿತ್ರ ತೋರಿಸಿ ಹೇಳಿದ್ದರು. ಊಟದ ಹೊತ್ತಾಗಿತ್ತು, ಕೇಳಿದವರು ಕಡಿಮೆ. ಅಲ್ಮಾಸ ಕೇಳಿದ್ದಳು. ಬಂದ ಮೇಲೆ ಒಂದೆರಡು ಸಲ ಮಾಡಿಯೂ ನೋಡಿದ್ದಳು.

ತೊಂದರೆ ಏನೆಂದರೆ, ಯಂತ್ರವಿದ್ದದ್ದು ಪಡಸಾಲೆಯ ಆಚೆಯ ಕೋಣೆಯಲ್ಲಿ. ಆ ಕೋಣೆಯ ಹೆಸರಿನಲ್ಲೇ ಅದರ ನೋಂದಣಿ. ಅತ್ತಿತ್ತ ಜರುಗಿಸಿದರೆ ಅಧಿಕಾರಿಗಳಿಗೆ ಉತ್ತರ ಹೇಳಬೇಕು. ಆದ್ದರಿಂದ ಯಂತ್ರ ಬಸುರಿಯ ಬಳಿಗೆ ಬರುವ ಹಾಗಿಲ್ಲ, ನೋವು ತಿನ್ನುವವಳೇ ಎದ್ದು ಯಂತ್ರದ ಬಳಿಗೆ ಹೋಗಬೇಕು. ಆಯಾ ಅಮೀನಬಿ ಒಂದು ಕಡೆ, ಅಲ್ಮಾಸ ಒಂದು ಕಡೆ ಹಿಡಿದುಕೊಂಡು ಶ್ರುತಿಯನ್ನು ಇಳಿಸಿದರು.

ಪಡಸಾಲೆಯ ಬೆಂಚಿನ ಮೇಲೆ ಬೀಗತಿಯರಿಬ್ಬರು ಆ ತುದಿಗೊಬ್ಬಳು ಈ ತುದಿಗೊಬ್ಬಳು ಕುಳಿತಿದ್ದರು. ಚೊಚ್ಚಲ ಹೆರಿಗೆ ತವರಿನದು, ಆದ್ದರಿಂದ ಎಲ್ಲ ಓಡಾಟ ಶ್ರುತಿಯ ತಾಯಿ ಇಲಕಲ್ಲಿನ ಮುತ್ತವ್ವನ ಪಾಲಿಗೆ ಬಂದಿತ್ತು. ಅತ್ತೆ ಬೋರವ್ವ ಕಮತಗಿಯಿಂದ ಮಗ ಶಂಭುವಿನ ಜೊತೆ ಬೆಳಗಿನ ಬಸ್ಸಿಗೆ ಬಂದಿದ್ದಳು. ಅಮೀನಗಡದಲ್ಲಿ ಬಸ್ಸು ನಿಂತಾಗ ಬಾಣಂತಿಗೆಂದು ಕರದಂಟು ಕೊಂಡಿದ್ದಳು. ಆ ಪೊಟ್ಟಣ ಇಬ್ಬರ ನಡುವೆ ಕೂತಿತ್ತು. ನಡುವೆ ಒಂದು ನೋವು ಬಂದು ಶ್ರುತಿ ಕಂಬ ಹಿಡಿದು ನಿಂತಳು. ಶಂಭು ಮುಖ ಬೇರೆ ಕಡೆ ತಿರುಗಿಸಿದ. ನೋವು ಹೋದ ಮೇಲೆ ಅಲ್ಮಾಸ, ಅಮೀನಬಿ ಅವಳನ್ನು ಕೋಣೆಯೊಳಗೆ ಕರೆದೊಯ್ದರು, ಬಾಗಿಲು ಮುಚ್ಚಿತು. ಬಾಗಿಲ ಮೇಲೆ, ಇಲ್ಲಿ ಹುಟ್ಟುವ ಮಗು ಗಂಡೋ ಹೆಣ್ಣೋ ಎಂದು ಹೇಳುವುದಿಲ್ಲ, ಹೇಳುವುದು ಅಪರಾಧ ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಊರಿನವರು ಅದನ್ನು ಓದುತ್ತಿದ್ದ ಬಗೆಯೇ ಬೇರೆ. ಹೇಳುವುದಿಲ್ಲ ಎಂದು ಬರೆದಿದ್ದಾರೆ, ಗೊತ್ತಾಗುವುದಿಲ್ಲ ಎಂದೇನೂ ಬರೆದಿಲ್ಲವಲ್ಲ!

ಅಲ್ಮಾಸ ರೂಢಿಯಂತೆ ಪರದೆಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು. ಕಿಬ್ಬೊಟ್ಟೆಯ ಮೇಲೆ ಜೆಲ್ಲು ಹಚ್ಚಿ ಒತ್ತಿದಳು. ಬೂದು ಬಣ್ಣದ ನಡುವೆ ಎರಡು ಕಪ್ಪು ಗುಂಡುಗಳು ಜೋಡಿಯಾಗಿ ಕಂಡವು. ಕಣ್ಣಿನ ಗೂಡುಗಳು. ಮಗು ಮುಖ ಮೇಲೆ ಮಾಡಿಕೊಂಡು, ಅಂಗಳದಲ್ಲಿ ಅಂಗಾತ ಮಲಗಿದವರ ಹಾಗೆ, ಬಾನು ನೋಡುತ್ತಿತ್ತು. ಹಾಗೆ ಮಲಗಿದ ತಲೆಗೆ ದಾರಿ ಇಕ್ಕಟ್ಟು. ತಿರುಗಿದರೆ ತಾನೇ ಬರುತ್ತದೆ, ತಿರುಗದಿದ್ದರೆ ಕೊಯ್ಯಬೇಕು. ಕೆಳಗಿನಿಂದಲೂ ನೋಡಿದಳು. ಬೆರಳಿಗೆ ಗೊತ್ತಾಗದಷ್ಟು ಸ್ವಲ್ಪವೇ ಆದರೂ ತಲೆ ಇಳಿದಿತ್ತು. ಅಲ್ಮಾಸಳಿಗೆ ಬೆಳಗಿನಿಂದ ಮೊದಲ ಸಲ ಜೀವ ಬಂದ ಹಾಗಾಯಿತು.

“ದನದ ಹಂಗ ಕೈಕಾಲು ಊರಿ ನಿಂದರಬೇಕು. ಆಮ್ಯಾಲ ಎಡಕ್ಕ ಮಲಗಬೇಕು. ಕೂಸು ಹೊಳ್ಳತೈತೇನು ನೋಡೋಣು,” ಎಂದು ಶ್ರುತಿಗೆ ಹೇಳಿ ಅಮೀನಬಿಯ ಜೊತೆ ಕಳಿಸಿದಳು. ತಾನು ಹೊರಗೆ ಬಂದು, “ಸದ್ಯಕ್ಕ ಆಪರೇಶನ್ ಬ್ಯಾಡ್ರಿ, ಕಾಯೋಣು,” ಎಂದು ಬೆಂಚಿನ ಕಡೆಗೆ ಹೇಳಿ ಬೇರೆ ರೋಗಿಗಳನ್ನು ನೋಡಲು ಹೋದಳು. ಅವಳು ಮಾಡಿದ ತಪ್ಪೆಂದರೆ ಅಷ್ಟೇ, ಅಷ್ಟು ಚುಟುಕಾಗಿ ಹೇಳಿದ್ದು.

ನಾಲ್ಕು ಮಂದಿಯನ್ನು ನೋಡುವಷ್ಟರಲ್ಲಿ ಅಮೀನಬಿ ಬಂದು ಬಾಗಿಲಲ್ಲಿ ನಿಂತಳು.

“ಬಾಯಾರ, ಹೊರಗ ಅಳಾಕತ್ತಾರ್ರಿ.”

“ಯಾಕ?”

“ಹೆಣ್ಣಂತ.”

ಅಲ್ಮಾಸ ಪಡಸಾಲೆಗೆ ಬಂದಳು. ಮುತ್ತವ್ವ ಧಡಕ್ಕನೆ ಎದ್ದು ಅವಳ ಕಾಲು ಹಿಡಿದಳು. “ಹೆಣ್ಣಾದ್ರ ಹೆಣ್ಣ ಆಗ್ಲಿರಿ. ಕೊಯ್ದು ತೆಗೀರಿ. ನನ್ನ ಮಗಳನ್ನ ಹಂಗ ಬಿಡಬ್ಯಾಡ್ರಿ, ಕೈ ಮುಗೀತೇನಿ.”

“ಏಳ್ರಿ ಮೊದಲ. ಹೆಣ್ಣಂತ ಯಾರು ಹೇಳಿದ್ರು?”

“ಯಾರೂ ಹೇಳೂದು ಬ್ಯಾಡ್ರಿ, ನಮಗೂ ತಿಳೀತೈತಿ,” ಎಂದಳು ಬೋರವ್ವ. ಸಿಟ್ಟಿಲ್ಲ, ಸೆಡವಿಲ್ಲ, ನೂಲಿನ ಧಾರಣೆ ಮಾತಾಡುವ ದನಿ. “ನಿನ್ನೆ ಮುಂಜಾನಿಂದ ಹುಡುಗಿ ಒದ್ದಾಡಾಕತ್ತೈತಿ. ಈಗ ಮಿಷಿನ್ಯಾಗ ನೋಡಿದ್ರಿ, ಹೊರಗ ಬಂದು ಆಪರೇಶನ್ ಬ್ಯಾಡಂದ್ರಿ. ಗಂಡಿದ್ರ ಇಷ್ಟೊತ್ತಿಗೆ ತೆಗೀತಿದ್ರಿ.”

“ನಾ ತಲಿ ಅಷ್ಟ ನೋಡೇನ್ರಿ ಬೋರವ್ವಾರ. ಕೂಸು ಮಾರಿ ಮ್ಯಾಲ ಮಾಡೈತಿ. ಹೊಳ್ಳಿದ್ರ ತಾನ ಬರ್ತೈತಿ, ಅದಕ್ಕ ಕಾಯಾಕತ್ತೇನಿ.”

“ತಲಿ ನೋಡಿದಾಕಿಗೆ ಅದರ ಕೆಳಗಿಂದು ಕಾಣಲಿಲ್ಲೇನ್ರಿ?”

“ಇಲ್ಲ. ನೋಡೂದೂ ಇಲ್ಲ.”

“ಹಂಗಾರ ಹೆಣ್ಣಲ್ಲೇನ್ರಿ?” ಎಂದು ಕಂಬದ ಹತ್ತಿರದಿಂದ ಶಂಭು ಕೇಳಿದ. ಅಷ್ಟು ಹೊತ್ತಿನಲ್ಲಿ ಅವನು ಆಡಿದ ಮೊದಲ ಮಾತು.

ಅಲ್ಮಾಸ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅಲ್ಲ ಎಂದರೆ ಗಂಡು ಎಂದ ಹಾಗೆ. ಗೊತ್ತಿಲ್ಲ ಎಂದರೆ ಹೆಣ್ಣು ಎಂದ ಹಾಗೆ. ಸುಮ್ಮನಿದ್ದರೆ ಖಂಡಿತ ಹೆಣ್ಣು. ಈಗ ಮನಸ್ಸು ಬದಲಿಸಿ ಆಪರೇಶನ್ ಮಾಡಿದರೆ, ಒಳಗಿರುವುದು ಗಂಡೇ, ಅದಕ್ಕೇ ಮಾಡಿದರು ಎಂದಾಗುತ್ತದೆ. ತಾನು ಏನು ಮಾಡಿದರೂ ಅದು ಗಂಡು ಹೆಣ್ಣಿನ ಮಾತಾಗಿಬಿಡುವ ಈ ವಿಚಿತ್ರ ಬಲೆಯಲ್ಲಿ ನಿಂತು ಅವಳಿಗೆ ನಗಬೇಕೋ ಕಿರುಚಬೇಕೋ ತಿಳಿಯಲಿಲ್ಲ. ಎರಡಕ್ಕೂ ತ್ರಾಣವಿರಲಿಲ್ಲ.

“ಶಂಭು, ಕಮತಗಿ ಬಸ್ ಎಷ್ಟಕ್ಕೈತಿ ಕೇಳ್ಕೊಂಡು ಬಾ,” ಎಂದಳು ಬೋರವ್ವ. “ಇಲ್ಲಿ ನಮ್ಮದೇನೈತಿ. ತವರವರು ಅದಾರ, ನೋಡ್ಕೋತಾರ.”

ಹೊರಗಿನ ಮಾತು ಒಳಗೆ ಹೋಗಲು ದವಾಖಾನೆಗಳಲ್ಲಿ ಬಾಗಿಲು ಬೇಕಾಗಿಲ್ಲ. ಒಂದು ತಾಸು ಕಳೆದು ಎರಡನೆಯ ಸಲ ಸ್ಕ್ಯಾನಿಗೆ ಕರೆದೊಯ್ಯುವಾಗ ಶ್ರುತಿ ಕಂಬದ ಹತ್ತಿರ ನಿಂತು ಬೆಂಚಿನ ಕಡೆ ನೋಡಿದಳು. ಗಂಡ ಅಲ್ಲಿರಲಿಲ್ಲ. ಅತ್ತೆ ಕರದಂಟಿನ ಪೊಟ್ಟಣವನ್ನು ಚೀಲದೊಳಗೆ ಹಾಕಿಕೊಂಡು ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಶ್ರುತಿ ಕಂಬ ಬಿಟ್ಟು ನಡೆದಳು. ಆಮೇಲೆ ಬಂದ ನೋವಿಗೆ ಅವಳು ಕೂಗಲೂ ಇಲ್ಲ, ಒತ್ತಲೂ ಇಲ್ಲ. ಅಲ್ಮಾಸಳಿಗೆ ಎಲ್ಲಕ್ಕಿಂತ ಹೆದರಿಕೆಯಾದದ್ದು ಅದಕ್ಕೆ. ಮಗು ಎಷ್ಟೇ ತಿರುಗಲಿ, ತಾಯಿ ಕೈಬಿಟ್ಟರೆ ಹೆರಿಗೆಯಾಗುವುದಿಲ್ಲ.

ಮಗು ತಿರುಗಿತ್ತು. ಪರದೆಯ ಮೇಲೆ ಈಗ ಒಂದೇ ಕಣ್ಣಿನ ಗೂಡು ಕಾಣುತ್ತಿತ್ತು, ಅದೂ ಪಕ್ಕಕ್ಕೆ. ತಲೆಯೂ ಸಾಕಷ್ಟು ಇಳಿದಿತ್ತು. “ಛಲೋ ಆತು ನೋಡು ತಂಗಿ, ಹೊಳ್ಳೇತಿ!” ಎಂದಳು ಅಲ್ಮಾಸ, ದನಿ ತನ್ನಷ್ಟಕ್ಕೆ ಏರಿತ್ತು.

ಶ್ರುತಿ ಛಾವಣಿ ನೋಡುತ್ತ ಹೇಳಿದಳು. “ಬಾಯಾರ, ನಂಗ ಆಪರೇಶನ್ ಮಾಡಿಬಿಡ್ರಿ.”

“ಈಗ್ಯಾಕ? ಇನ್ನೇನು ಬಂತಲ್ಲ.”

“ನೀವು ಕೊಯ್ದ್ರ ಗಂಡಂತ ತಿಳ್ಕೊಂಡು ಅವ್ರು ಇಲ್ಲೇ ಕೂಡ್ತಾರ್ರಿ. ಹುಟ್ಟೂ ತನಕಾರ ಕೂಡ್ತಾರ.”

ಗಂಡೈತಿ, ಒತ್ತು ಎಂಬ ಒಂದು ಮಾತು ಅಲ್ಮಾಸಳ ನಾಲಿಗೆಯ ತುದಿಗೆ ಬಂದು ನಿಂತಿತು. ಅಷ್ಟು ಅಂದುಬಿಟ್ಟರೆ ಈ ಹುಡುಗಿ ಒತ್ತುತ್ತಾಳೆ, ಬೋರವ್ವ ಚೀಲ ಕೆಳಗಿಡುತ್ತಾಳೆ, ಶಂಭು ಬಸ್ ಸ್ಟ್ಯಾಂಡಿನಿಂದ ಓಡಿ ಬರುತ್ತಾನೆ. ಹುಟ್ಟಿದ್ದು ಹೆಣ್ಣಾದರೆ? ಮಿಷಿನ್ ತಪ್ಪು ತೋರಿಸಿತು ಎಂದರಾಯಿತು. ಅಷ್ಟರಲ್ಲಿ ಮೊಬೈಲು ಮತ್ತೆ ಬಡಿದುಕೊಂಡಿತು.

“ಚಾ ಎರಡು ಸಲ ಆತ್ರಿ ಮೇಡಂ. ಬರಲೋ, ಹೋಗಲೋ?”

“ಒಂದ ನಿಮಿಷ ತಡೀರಿ,” ಎಂದು ಅಲ್ಮಾಸ ಫೋನನ್ನು ಮೇಜಿನ ಮೇಲೆ ಮಲಗಿಸಿದಳು. ಇನ್ನೊಂದು ಕೈಯಿಂದ, ಏನು ಮಾಡುತ್ತಿದ್ದೇನೆಂದು ಅಷ್ಟಾಗಿ ಯೋಚಿಸದೆ, ಗೋಡೆ ನೋಡುತ್ತಿದ್ದ ಪರದೆಯನ್ನು ಶ್ರುತಿಯ ಕಡೆಗೆ ತಿರುಗಿಸಿದಳು. ಯಂತ್ರ ಬಂದಾಗಿನಿಂದ ಯಾವ ತಾಯಿಗೂ ಹಾಗೆ ತೋರಿಸಿರಲಿಲ್ಲ. “ಇಲ್ಲಿ ನೋಡು. ಇದು ಕಣ್ಣು.”

ಶ್ರುತಿ ಕುತ್ತಿಗೆ ಎತ್ತಿದಳು. “ಇದೇನ್ರಿ? ಈ ಕರೇದು?”

“ಹೂಂ. ಆಗಳೆ ಎರಡೂ ಮ್ಯಾಲಿದ್ದುವು. ಈಗ ಒಂದು ಆ ಕಡಿ ಹೋತು. ನೀ ಅಲ್ಲಿ ಕೈಕಾಲು ಊರಿ ಒದ್ದಾಡುಮುಂದ ಇದು ಒಳಗ ಹೊಳ್ಳೇತಿ.”

“ತಾನ ಹೊಳ್ಳೇತೇನ್ರಿ?”

“ತಾನ. ನಾ ಏನೂ ಮಾಡಿಲ್ಲ.”

ಶ್ರುತಿ ಬಹಳ ಹೊತ್ತು ನೋಡಿದಳು. ಕಪ್ಪು ಗುಂಡು ಸಣ್ಣಗೆ ಅಲುಗಿತು. ಗಂಡೋ ಹೆಣ್ಣೋ ಎಂದು ಅವಳು ಕೇಳಲಿಲ್ಲ. “ಪಾಪ, ಅದಕ್ಕೂ ಸಾಕಾಗಿರಬೇಕ್ರಿ,” ಎಂದಳು.

ಅಷ್ಟರಲ್ಲಿ ನೋವು ಬಂತು. ಈ ಸಲ ಅವಳು ಅಮೀನಬಿಯ ಮುಂಗೈ ಹಿಡಿದು ಹಲ್ಲು ಕಚ್ಚಿ ಒತ್ತಿದಳು. ಅಲ್ಮಾಸ ಫೋನೆತ್ತಿ, “ನೀವು ಹೋಗ್ರಿ,” ಎಂದಳು.

ಆಮೇಲಿನದು ಬರೀ ಕೆಲಸ. ಶ್ರುತಿಯನ್ನು ಹೆರಿಗೆಯ ಮೇಜಿಗೆ ಮರಳಿ ಕರೆತಂದು, ಮುತ್ತವ್ವನನ್ನು ಒಳಗೆ ಕರೆದು ಮಗಳ ಬೆನ್ನಿಗೆ ನಿಲ್ಲಿಸಿದರು. ಅವಳು ಮಗಳ ನೆತ್ತಿಗೆ ಗದ್ದ ಊರಿಕೊಂಡು ತಾನೂ ಜೊತೆಗೆ ಉಸಿರು ಬಿಗಿಹಿಡಿದಳು. ಕರೆಂಟು ಒಮ್ಮೆ ಹೋಯಿತು, ಬಂತು. ಎದೆಬಡಿತ ಒಂದು ಸಲ ಇಳಿದಾಗ ಅಲ್ಮಾಸಳಿಗೆ ಬಾಗಲಕೋಟೆಯ ರಸ್ತೆಯ ಮೇಲೆ ಹೋಗುತ್ತಿದ್ದ ಮಂಪರು ಡಾಕ್ಟರರ ಕಾರು ಕಣ್ಣ ಮುಂದೆ ಬಂತು. ಬಡಿತ ಮತ್ತೆ ಏರಿತು. ಒತ್ತು, ಬಿಡು, ಒತ್ತು ಎಂದು ಹೇಳಿ ಹೇಳಿ ಅವಳ ದನಿ ಒಡೆಯಿತು. ಬಿಸಿಲು ಕಿಟಕಿಯಿಂದ ಇಳಿದು ನೆಲದ ಮೇಲೆ ಬಿದ್ದ ಹೊತ್ತಿಗೆ, ಉದ್ದಕ್ಕೆ ಎಳೆದ ಹಾಗಿದ್ದ ತಲೆಯೊಂದು ಮುಖ ಕೆಳಗೆ ಮಾಡಿಕೊಂಡು ಹೊರಗೆ ಬಂತು. ಹಿಂದೆಯೇ ಮೈ ಜಾರಿತು. ಅತ್ತಿತು.

“ಹೆಣ್ಣು,” ಎಂದಳು ಅಲ್ಮಾಸ. ಈಗ ಹೇಳಲು ಯಾರ ಅಡ್ಡಿಯೂ ಇರಲಿಲ್ಲ.

ಮುತ್ತವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಯಾವುದಕ್ಕೆ ಅತ್ತಳೋ ಅವಳಿಗೂ ಗೊತ್ತಿರಲಿಕ್ಕಿಲ್ಲ. ಶ್ರುತಿ ಮಗುವನ್ನು ಎದೆಯ ಮೇಲೆ ಹಾಕಿಸಿಕೊಂಡು ಕಣ್ಣು ಮುಚ್ಚಿದಳು.

ಬೋರವ್ವ ಹೋಗಿರಲಿಲ್ಲ. ಒಂದು ಬಸ್ಸು ಬಿಟ್ಟಳು, ಇನ್ನೊಂದನ್ನೂ ಬಿಟ್ಟಳು. ಸುದ್ದಿ ಕೇಳಿ ಒಳಗೆ ಬಂದು ಮೊಮ್ಮಗಳನ್ನು ಎತ್ತಿಕೊಂಡಳು. ಪಳಗಿದ ಕೈ, ಕತ್ತಿನ ಕೆಳಗೆ ಬೆರಳು ಸರಿಯಾಗಿ ಹೋದವು. ಉದ್ದ ತಲೆಯನ್ನು ಮೆಲ್ಲಗೆ ಸವರಿ, ಮೂಗು ನಮ್ಮ ಕಡೆಯದು ಎಂದಳು. ಆಮೇಲೆ ಮುತ್ತವ್ವನ ಕಡೆ ತಿರುಗಿ, “ನಾ ಅನ್ನಲಿಲ್ಲೇನ್ರಿ?” ಎಂದಳು.

ಅಲ್ಮಾಸ ನಲ್ಲಿಯ ಬಳಿ ಕೈ ತೊಳೆಯುತ್ತಿದ್ದಾಗ ಬೋರವ್ವ ಹತ್ತಿರ ಬಂದಳು. ದನಿ ತಗ್ಗಿಸಿ, ಮನೆಯವರ ಜೊತೆ ಮಾತಾಡುವ ಹಾಗೆ ಹೇಳಿದಳು. “ತಪ್ಪು ತಿಳೀಬ್ಯಾಡ್ರಿ ಬಾಯಾರ, ಆಗಳೆ ಏನೇನೋ ಅಂದೆ. ನೀವು ಮಾಡಿದ್ದು ಬರೋಬ್ಬರಿ ಐತಿ. ಹೆಣ್ಣಿಗಂತ ಹೊಟ್ಟಿ ಕೊಯ್ಯೂದಂದ್ರ ಯಾರಿಗೆ ಬೇಕಾಗಿತ್ರಿ.”

ಬೈದಿದ್ದರೆ ಅಲ್ಮಾಸ ಉತ್ತರ ಕೊಡುತ್ತಿದ್ದಳು. ಹೊಗಳಿಕೆಗೆ ಏನು ಉತ್ತರ ಕೊಡುವುದು? ಅವಳ ಎರಡು ದಿನದ ನಿದ್ದೆಗೇಡು, ಸೋತ ಕಾಲು, ಹೆದರಿಕೆ, ಎಲ್ಲವೂ ಸೇರಿ ಒಬ್ಬ ಜಾಣೆ ಡಾಕ್ಟರಿಣಿಯ ಕಥೆಯಾಗಿತ್ತು. ಆ ಕಥೆಯಲ್ಲಿ ಅವಳು ಒಳಗೆ ನೋಡಿ, ಹೆಣ್ಣೆಂದು ತಿಳಿದು, ಸುಮ್ಮನೆ ಕೂತಿದ್ದಳು. ನಾಳೆ ಅದು ಕಮತಗಿಗೆ ಹೋಗುತ್ತದೆ, ನಾಡಿದ್ದು ಅಮೀನಗಡಕ್ಕೆ. ಅವಳು ನಲ್ಲಿ ತಿರುಗಿಸಿ ಇನ್ನೊಮ್ಮೆ ಕೈ ತೊಳೆದಳು, ತೊಳೆಯುವುದು ಏನೂ ಉಳಿದಿರಲಿಲ್ಲ.

ಮನೆಗೆ ಕಳಿಸುವ ದಿನ ಬೆಳಿಗ್ಗೆ ಅಲ್ಮಾಸ ರೌಂಡಿಗೆ ಬಂದಾಗ ಶ್ರುತಿ ಮಂಚದ ಮೇಲೆ ಕೂತು ಮಗುವಿಗೆ ಹಾಲು ಕುಡಿಸುತ್ತಿದ್ದಳು. ತಾಯಿ ಗಂಟು ಕಟ್ಟುತ್ತಿದ್ದಳು. ಅಲ್ಮಾಸ ನಾಡಿ ನೋಡಿ ತಿರುಗುವಾಗ ಶ್ರುತಿ, “ಬಾಯಾರ, ಒಂದು ಕೇಳ್ಲೇನ್ರಿ? ಖರೆ ಹೇಳ್ಬೇಕು,” ಎಂದಳು.

“ಕೇಳು.”

“ಗಂಡಂತ ಕಂಡಿದ್ರ ಆಪರೇಶನ್ ಮಾಡ್ತಿದ್ರೇನ್ರಿ?”

ಮುತ್ತವ್ವನ ಕೈ ಗಂಟಿನ ಮೇಲೆ ನಿಂತಿತು.

“ಇಲ್ಲವಾ. ನಾ ತಲಿ ಅಷ್ಟ ನೋಡಿದ್ದು. ನಿನಗೂ ತೋರಿಸಿದೆ ಅಲ್ಲ.”

“ಹೌದ್ರಿ,” ಎಂದಳು ಶ್ರುತಿ. ಹಿರಿಯರು ಹೇಳಿದರೆಂದು ಅನ್ನುವ ಹೌದ್ರಿ. ಅಲ್ಮಾಸಳಿಗೆ ಅದು ಅರ್ಥವಾಯಿತು. ಇನ್ನೂ ಏನೋ ಹೇಳಬೇಕು, ಕೂತು ಬಿಡಿಸಿ ಬಿಡಿಸಿ ಹೇಳಬೇಕು ಅನಿಸಿತು. ಆದರೆ ಒಳಗಿನ ಕೋಣೆಯಲ್ಲಿ ಯಾರೋ ನರಳುತ್ತಿದ್ದರು, ಅಮೀನಬಿ ಕರೆಯುತ್ತಿದ್ದಳು.

ನರಳುತ್ತಿದ್ದವಳನ್ನು ನೋಡಿ ತಿರುಗಿ ಬರುವಾಗ ಅಲ್ಮಾಸ ಕಿಟಕಿಯ ಹತ್ತಿರ ಒಂದು ಗಳಿಗೆ ನಿಂತಳು. ಕೆಳಗೆ ಅಂಗಳದಲ್ಲಿ ಆಟೋ ಬಂದು ನಿಂತಿತ್ತು. ಶಂಭು ಚೀಲಗಳನ್ನು ಹಿಡಿದಿದ್ದ, ಮುತ್ತವ್ವ ಹಾಸಿಗೆಯ ಸುರುಳಿ ತಬ್ಬಿಕೊಂಡು ಮುಂದೆ ಹೋಗುತ್ತಿದ್ದಳು. ಹಿಂದಿನಿಂದ ಶ್ರುತಿ ಮಗುವನ್ನು ಎತ್ತಿಕೊಂಡು ಬಂದಳು. ಆಟೋದ ಹತ್ತಿರ ಬರುವಷ್ಟರಲ್ಲಿ ಮಗುವಿನ ಕುಲಾವಿ ಜಾರಿ ಮಣ್ಣಿನಲ್ಲಿ ಬಿತ್ತು. ಮುತ್ತವ್ವ ತಡೆ ತಡೆ ಎಂದು ಹಿಂತಿರುಗುವ ಮೊದಲೇ ಶ್ರುತಿ ಒಂದು ಕೈಯಲ್ಲಿ ಮಗುವನ್ನು ಎದೆಗೆ ಅವಚಿಕೊಂಡು, ನೆಲದ ತನಕ ಬಗ್ಗಿ ಕುಲಾವಿ ಎತ್ತಿಕೊಂಡಳು. ಧೂಳು ಕೊಡವಿ ಆ ಉದ್ದ ತಲೆಗೆ ಹಾಕಿದಳು. ಯಾರ ಕೈಯನ್ನೂ ಹಿಡಿಯದೆ ಆಟೋ ಹತ್ತಿ ಕೂತಳು.